ಹಳೆಯ ಕಾರಿನ ಬದಲಿಗೆ ವಿದ್ಯುತ್ ಅಥವಾ ಹೈಬ್ರಿಡ್ ಕಾರು: ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳಲ್ಲಿ ಹಳೆಯ ಪೆಟ್ರೋಲ್ ಅಥವಾ ಡೀಸೆಲ್ ಕಾರಿನ ಬದಲಿಗೆ ಮಿತ ಬೆಲೆಯ ವಿದ್ಯುತ್ ಕಾರನ್ನಾಗಲೀ ಹೈಬ್ರಿಡ್ ಕಾರನ್ನಾಗಲೀ ಕೊಳ್ಳಲು ಉದ್ದೇಶಿಸಿರುವ ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಯಾವ ಕಾರು ಅಗ್ಗ ಎಂಬುದನ್ನು ಮಾರಾಟ ಮಳಿಗೆಯ ಬೆಲೆಪಟ್ಟಿಯೊಂದೇ ನಿರ್ಧರಿಸುವುದಿಲ್ಲ. ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ, ರಾತ್ರಿ ಕಾರು ಎಲ್ಲಿ ನಿಲ್ಲುತ್ತದೆ ಮತ್ತು ಮಳೆಗಾಲದಲ್ಲಿ ತುರ್ತಾಗಿ ಎಷ್ಟು ದೂರ ಹೋಗಬೇಕಾದೀತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ನಂತರವೇ ಮುಂಗಡ ಹಣ ಪಾವತಿಸುವುದು ಸೂಕ್ತ.

ಈ ಪುಟದಲ್ಲಿ ಹೆಸರಿಸಿರುವ ವಾಹನಗಳು ಉದಾಹರಣೆಗಾಗಿ ಮಾತ್ರ. ಅವನ್ನು ಶಿಫಾರಸು ಎಂದು ಭಾವಿಸಬಾರದು.

1. ಹಳೆಯ ಕಾರನ್ನು ಬದಲಾಯಿಸುವುದು ಕಡ್ಡಾಯವೇ?

ಕಡ್ಡಾಯವಲ್ಲ. ಖಾಸಗಿ ಕಾರಿನ ನೋಂದಣಿ ಪ್ರಮಾಣ ಪತ್ರವು 15 ವರ್ಷಗಳ ಅವಧಿಗೆ ಊರ್ಜಿತವಾಗಿರುತ್ತದೆ. ಅವಧಿ ಮುಗಿದ ಮಾತ್ರಕ್ಕೆ ಕಾರನ್ನು ಗುಜರಿಗೆ ಹಾಕಬೇಕೆಂಬ ನಿಯಮ ಕರ್ನಾಟಕದ ಖಾಸಗಿ ವಾಹನಗಳಿಗೆ ಇಲ್ಲ. ದೆಹಲಿ ಪ್ರದೇಶದಲ್ಲಿ ಹಳೆಯ ವಾಹನಗಳಿಗೆ ವಿಧಿಸಲಾದ ನಿರ್ಬಂಧಗಳ ಸುದ್ದಿಯನ್ನು ಮುಂದಿಟ್ಟು ಇಲ್ಲಿನ ಮಾಲೀಕರನ್ನು ಅವಸರಪಡಿಸುವವರಿದ್ದರೆ ಅಂಥವರ ಮಾತಿಗೆ ಒಳಗಾಗಬಾರದು. ವಾಹನ ಸುಸ್ಥಿತಿಯಲ್ಲಿದ್ದರೆ, ಅವಧಿ ಮುಗಿಯುವ 60 ದಿನಗಳ ಒಳಗಾಗಿ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ತಪಾಸಣೆಗೆ ಹಾಜರುಪಡಿಸಿ, ಇನ್ನೂ 5 ವರ್ಷಗಳಿಗೆ ನವೀಕರಿಸಿಕೊಳ್ಳಬಹುದು. ಕಾರಿನ ನವೀಕರಣ ಶುಲ್ಕವು 2022ರ ಏಪ್ರಿಲ್‌ನಿಂದ ರೂ. 5,000 ಆಯಿತು, 20 ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ ಅದನ್ನು ರೂ. 10,000ಕ್ಕೆ ಏರಿಸಲಾಯಿತು. ಕಾರು ಗಟ್ಟಿಯಾಗಿದ್ದು ಓಡಾಟ ಕಡಿಮೆಯಿದ್ದರೆ ನವೀಕರಣವೇ ಅತ್ಯಂತ ಅಗ್ಗದ ಮಾರ್ಗವಾಗಬಹುದು.

2. ವಿದ್ಯುತ್ ಕಾರು ಮತ್ತು ಹೈಬ್ರಿಡ್ ಕಾರುಗಳ ವ್ಯತ್ಯಾಸ

ವಿದ್ಯುತ್ ಕಾರು ಕೇವಲ ಬ್ಯಾಟರಿಯಿಂದ ಚಲಿಸುತ್ತದೆ. ಬೆಂಗಳೂರಿನಲ್ಲಿ ತಯಾರಾದ ರೇವಾ 2001ರಲ್ಲೇ ಮಾರುಕಟ್ಟೆಗೆ ಬಂದಿತ್ತು. ವಿದ್ಯುತ್ ವಾಹನಗಳಿಗಾಗಿ ಪ್ರತ್ಯೇಕ ನೀತಿಯನ್ನು 2017ರಲ್ಲಿ ಹೊರಡಿಸಿದ ಮೊದಲ ರಾಜ್ಯ ಕರ್ನಾಟಕ. ಇತ್ತೀಚಿನ ವರ್ಷಗಳಲ್ಲಿ ಬಂದ ಮಿತ ಬೆಲೆಯ ಕಾರುಗಳಿಗೆ ಟಾಟಾ ಟಿಯಾಗೊ ಇವಿ (2022), ಎಂಜಿ ಕಾಮೆಟ್ (2023) ಮತ್ತು ಟಾಟಾ ಪಂಚ್ ಇವಿ (2024) ಉದಾಹರಣೆಗಳು. ಖಾಸಗಿ ವಿದ್ಯುತ್ ಕಾರಿಗೆ ಹಸಿರು ಫಲಕದ ಮೇಲೆ ಬಿಳಿ ಅಕ್ಷರಗಳ ನೋಂದಣಿ ಸಂಖ್ಯೆ ಇರತಕ್ಕದ್ದು.

ಹೈಬ್ರಿಡ್ ಎಂಬ ಹೆಸರಿನಲ್ಲಿ ಎರಡು ಬಗೆಯ ವಾಹನಗಳು ಮಾರಾಟವಾಗುತ್ತಿದ್ದು, ಗ್ರಾಹಕರು ಇಲ್ಲಿ ವಿಶೇಷ ಎಚ್ಚರ ವಹಿಸತಕ್ಕದ್ದು. ಮೈಲ್ಡ್ ಹೈಬ್ರಿಡ್ ಕಾರಿನಲ್ಲಿ ಚಿಕ್ಕ ಬ್ಯಾಟರಿಯು ಎಂಜಿನ್‌ಗೆ ಅಲ್ಪ ನೆರವು ನೀಡುತ್ತದೆಯೇ ಹೊರತು ಕಾರು ಬ್ಯಾಟರಿಯಿಂದಲೇ ಚಲಿಸುವುದಿಲ್ಲ. ಇಂಧನ ಉಳಿತಾಯವೂ ಅಲ್ಪ. ಸ್ಟ್ರಾಂಗ್ ಹೈಬ್ರಿಡ್ ಕಾರು ನಿಧಾನಗತಿಯಲ್ಲಿ ಸ್ವಲ್ಪ ದೂರ ಬ್ಯಾಟರಿಯಿಂದಲೇ ಚಲಿಸಿ, ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಮರಳಿ ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಹೈರೈಡರ್‌ನ ಸ್ಟ್ರಾಂಗ್ ಹೈಬ್ರಿಡ್ ಮಾದರಿ ಇದಕ್ಕೆ ಉದಾಹರಣೆ. ಇವಕ್ಕೆ ಮನೆಯಲ್ಲಿ ಚಾರ್ಜಿಂಗ್ ಬೇಕಿಲ್ಲ. ಆದರೆ ಪೆಟ್ರೋಲ್ ಬೇಕೇ ಬೇಕು. ದರಪಟ್ಟಿ ಕೇಳುವಾಗ ಈ ಎರಡರಲ್ಲಿ ಯಾವುದು ಎಂಬುದನ್ನು ಬರಹದಲ್ಲಿ ಪಡೆಯುವುದು.

3. ಲೆಕ್ಕ ಹಾಕುವ ಕ್ರಮ

ಒಂದೇ ಗಾತ್ರದ ಎರಡು ಕಾರುಗಳ ಬೆಲೆಯನ್ನು, ತೆರಿಗೆ ಮತ್ತು ವಿಮೆ ಸೇರಿಸಿ, ಹೋಲಿಸತಕ್ಕದ್ದು. ಹೆಚ್ಚುವರಿ ಬೆಲೆಯನ್ನು ತಿಂಗಳ ಇಂಧನ ಉಳಿತಾಯದಿಂದ ಭಾಗಿಸಿದರೆ, ಆ ಹೆಚ್ಚುವರಿ ಹಣ ಎಷ್ಟು ತಿಂಗಳಲ್ಲಿ ಮರಳುತ್ತದೆಂದು ತಿಳಿಯುತ್ತದೆ. ಕೆಳಗಿನ ಉದಾಹರಣೆಗಳಲ್ಲಿ ಹೆಚ್ಚುವರಿ ಬೆಲೆ ರೂ. 3 ಲಕ್ಷ, ಪೆಟ್ರೋಲ್ ಲೀಟರಿಗೆ ರೂ. 100, ಮನೆಯ ವಿದ್ಯುತ್ ಯೂನಿಟ್‌ಗೆ ರೂ. 7, ಚಿಕ್ಕ ಪೆಟ್ರೋಲ್ ಕಾರು ಲೀಟರಿಗೆ 15 ಕಿ.ಮೀ., ವಿದ್ಯುತ್ ಕಾರು ಯೂನಿಟ್‌ಗೆ 7 ಕಿ.ಮೀ. ಎಂದು ಇಟ್ಟುಕೊಳ್ಳಲಾಗಿದೆ. ಇವು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡ ಅಂಕಿಗಳು. ಅರ್ಜಿದಾರರು ತಮ್ಮ ವಿದ್ಯುತ್ ಬಿಲ್ಲು, ಪೆಟ್ರೋಲ್ ರಸೀದಿ ಮತ್ತು ಮಾರಾಟಗಾರರ ದರಪಟ್ಟಿಯಲ್ಲಿರುವ ಅಂಕಿಗಳನ್ನು ಇವುಗಳ ಜಾಗದಲ್ಲಿ ಬರೆದುಕೊಂಡು ಲೆಕ್ಕ ಮಾಡುವುದು.

ಉದಾಹರಣೆ ಅ: ಅಂಕೋಲಾದಿಂದ ಕಾರವಾರದ ಕಚೇರಿಗೆ ದಿನವೂ ಹೋಗಿಬರುವ ನೌಕರರು. ಒಂದು ಬದಿಗೆ ಸುಮಾರು 35 ಕಿ.ಮೀ.; ತಿಂಗಳಿಗೆ 24 ದಿನ ಎಂದರೆ 1,680 ಕಿ.ಮೀ. ಪೆಟ್ರೋಲ್ ವೆಚ್ಚ ರೂ. 11,200. ವಿದ್ಯುತ್ ಕಾರಿಗೆ 240 ಯೂನಿಟ್, ಅಂದರೆ ರೂ. 1,680. ತಿಂಗಳ ಉಳಿತಾಯ ರೂ. 9,520. ಹೆಚ್ಚುವರಿ ಬೆಲೆಯು ಸುಮಾರು 2 ವರ್ಷ 8 ತಿಂಗಳಲ್ಲಿ ಮರಳುತ್ತದೆ.

ಉದಾಹರಣೆ ಆ: ಕಾರವಾರ ಪಟ್ಟಣದಲ್ಲಿ ವಾಸಿಸುವ ನಿವೃತ್ತ ದಂಪತಿಗಳು. ಪೇಟೆ, ಬ್ಯಾಂಕು, ದೇವಸ್ಥಾನ, ಅಪರೂಪಕ್ಕೆ ಕುಮಟಾ. ತಿಂಗಳಿಗೆ 400 ಕಿ.ಮೀ. ಪೆಟ್ರೋಲ್ ವೆಚ್ಚ ಸುಮಾರು ರೂ. 2,667, ವಿದ್ಯುತ್ ವೆಚ್ಚ ರೂ. 400. ಉಳಿತಾಯ ಸುಮಾರು ರೂ. 2,267. ಹೆಚ್ಚುವರಿ ಬೆಲೆ ಮರಳಲು 11 ವರ್ಷ ಬೇಕು. ಬ್ಯಾಟರಿಗೆ ತಯಾರಕರು ಸಾಮಾನ್ಯವಾಗಿ ನೀಡುವ ಖಾತರಿ 8 ವರ್ಷ ಅಥವಾ 1,60,000 ಕಿ.ಮೀ. ಆಗಿದ್ದು, ಹಣ ಮರಳುವ ಮೊದಲೇ ಆ ಅವಧಿ ಮುಗಿದಿರುತ್ತದೆ.

ಉದಾಹರಣೆ ಇ: ಸ್ವಂತ ನಿಲುಗಡೆ ಸ್ಥಳವಿಲ್ಲದ, ಹುಬ್ಬಳ್ಳಿ ಮತ್ತು ಗೋವಾಕ್ಕೆ ತಿಂಗಳಿಗೆ 2,000 ಕಿ.ಮೀ. ಓಡಾಡುವ ವ್ಯಾಪಾರಸ್ಥರು. ಮಧ್ಯಮ ಗಾತ್ರದ ಪೆಟ್ರೋಲ್ ಕಾರು ಲೀಟರಿಗೆ 14 ಕಿ.ಮೀ., ಅದೇ ಗಾತ್ರದ ಸ್ಟ್ರಾಂಗ್ ಹೈಬ್ರಿಡ್ 20 ಕಿ.ಮೀ. ಎಂದಾದರೆ ತಿಂಗಳ ಉಳಿತಾಯ ಸುಮಾರು ರೂ. 4,286. ರೂ. 3 ಲಕ್ಷ ಹೆಚ್ಚುವರಿ ಬೆಲೆಯು 5 ವರ್ಷ 10 ತಿಂಗಳಲ್ಲಿ ಮರಳುತ್ತದೆ. ಇದೇ ಕಾರು ತಿಂಗಳಿಗೆ 1,000 ಕಿ.ಮೀ. ಮಾತ್ರ ಓಡಿದರೆ 11 ವರ್ಷ 8 ತಿಂಗಳು ಬೇಕಾಗುತ್ತದೆ.

ಸಾಲದಿಂದ ಕೊಳ್ಳುವವರು ಇನ್ನೊಂದು ಪರೀಕ್ಷೆಯನ್ನು ಮಾಡತಕ್ಕದ್ದು. ಹೆಚ್ಚುವರಿ ರೂ. 3 ಲಕ್ಷಕ್ಕೆ ಶೇ. 9ರ ಬಡ್ಡಿಯಲ್ಲಿ 5 ವರ್ಷದ ಸಾಲ ಪಡೆದರೆ ತಿಂಗಳ ಕಂತು ಸುಮಾರು ರೂ. 6,228. ಉದಾಹರಣೆ 'ಅ'ದಲ್ಲಿ ಉಳಿತಾಯವೇ ಈ ಕಂತನ್ನು ಭರಿಸಿ ಮಿಗುತ್ತದೆ. ಉದಾಹರಣೆ 'ಆ'ದಲ್ಲಿ ಪ್ರತಿ ತಿಂಗಳೂ ಸುಮಾರು ರೂ. 3,960 ಕೈಯಿಂದ ಹೋಗುತ್ತದೆ. ಪಿಂಚಣಿಯೊಂದೇ ಆದಾಯವಾಗಿರುವ ಕುಟುಂಬ ಈ ಅಂಕಿಯನ್ನು ಮೊದಲೇ ಬರೆದುಕೊಂಡು ನೋಡುವುದು ಒಳಿತು.

4. ಗೃಹಜ್ಯೋತಿ ಫಲಾನುಭವಿಗಳ ಗಮನಕ್ಕೆ

2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಡಿ ಮನೆಯೊಂದಕ್ಕೆ ಅರ್ಹ ಯೂನಿಟ್‌ಗಳನ್ನು 2022–23ರ ಸರಾಸರಿ ಬಳಕೆಯ ಆಧಾರದಲ್ಲಿ ನಿಗದಿಪಡಿಸಲಾಗಿದೆ. ಬಳಕೆಯು ಅರ್ಹ ಮಿತಿಯನ್ನು ದಾಟಿ 200 ಯೂನಿಟ್‌ಗಳ ಒಳಗಿದ್ದರೆ ಹೆಚ್ಚುವರಿ ಯೂನಿಟ್‌ಗಳಿಗೆ ಮಾತ್ರ ಹಣ ಪಾವತಿಸಬೇಕು. 200 ದಾಟಿದ ತಿಂಗಳಲ್ಲಿ ಪೂರ್ಣ ಬಿಲ್ಲನ್ನು ಪಾವತಿಸಬೇಕು. ಕಾರಿನ ಚಾರ್ಜಿಂಗ್ ಮನೆಯ ಮೀಟರಿನಲ್ಲೇ ದಾಖಲಾಗುವುದರಿಂದ ಇದು ನೇರವಾಗಿ ಲೆಕ್ಕಕ್ಕೆ ಬರುತ್ತದೆ.

ಉದಾಹರಣೆ 'ಅ'ದ ಮನೆಯಲ್ಲಿ 90 ಯೂನಿಟ್ ಬಳಕೆಯಿದ್ದು ಈವರೆಗೆ ಬಿಲ್ಲು ಬರುತ್ತಿರಲಿಲ್ಲ ಎಂದಿಟ್ಟುಕೊಳ್ಳೋಣ. ಕಾರಿನ 240 ಯೂನಿಟ್ ಸೇರಿ 330 ಆಗುತ್ತದೆ. ಪೂರ್ಣ ಬಿಲ್ಲು, ನಿಗದಿತ ಶುಲ್ಕವನ್ನು ಬಿಟ್ಟು, ರೂ. 2,310. ಉಳಿತಾಯ ರೂ. 8,890ಕ್ಕೆ ಇಳಿದರೂ ಹೆಚ್ಚುವರಿ ಬೆಲೆ ಸುಮಾರು 2 ವರ್ಷ 10 ತಿಂಗಳಲ್ಲಿ ಮರಳುತ್ತದೆ. ಹೀಗಾಗಿ ಹೆಚ್ಚು ಓಡಾಟವಿರುವವರಿಗೆ ಸವಲತ್ತು ಕೈತಪ್ಪಿದರೂ ನಷ್ಟವಿಲ್ಲ. ಕಡಿಮೆ ಓಡಾಟವಿದ್ದು ಮನೆಯ ಬಳಕೆ 150 ಯೂನಿಟ್ ಸಮೀಪವಿರುವವರು ಮಾತ್ರ 200ರ ಗಡಿಯನ್ನು ಗಮನದಲ್ಲಿಡಬೇಕು. ಅಲ್ಲಿ ಕಾರಿನ 57 ಯೂನಿಟ್‌ಗಳಿಗಾಗಿ ಇಡೀ ಮನೆಯ ಬಿಲ್ಲು ತೆರಬೇಕಾದೀತು.

5. ಮನೆಯಲ್ಲಿ ಚಾರ್ಜಿಂಗ್ ವ್ಯವಸ್ಥೆ

ಚಿಕ್ಕ ವಿದ್ಯುತ್ ಕಾರುಗಳನ್ನು 15 ಆಂಪಿಯರ್ ಪ್ಲಗ್‌ನಿಂದ ರಾತ್ರಿಯಿಡೀ ಚಾರ್ಜ್ ಮಾಡಬಹುದು. ಆದರೆ ಹಂಚಿನ ಮನೆಗಳ ಹಳೆಯ ವೈರಿಂಗ್ ಗಂಟೆಗಟ್ಟಲೆ ಈ ಹೊರೆಯನ್ನು ತಾಳುವುದೇ ಎಂಬುದನ್ನು ಅನುಮತಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಪರೀಕ್ಷಿಸಿಕೊಳ್ಳತಕ್ಕದ್ದು. ಮೀಟರಿನಿಂದ ಪ್ರತ್ಯೇಕ ವೈರು, ಅದಕ್ಕೊಂದು ಎಂಸಿಬಿ, ವಿದ್ಯುತ್ ಸೋರಿಕೆ ತಡೆಯುವ ಆರ್‌ಸಿಸಿಬಿ ಮತ್ತು ಸರಿಯಾದ ಅರ್ಥಿಂಗ್ ಇರತಕ್ಕದ್ದು. ಎಕ್ಸ್‌ಟೆನ್ಷನ್ ಬೋರ್ಡಿನಿಂದ ಚಾರ್ಜ್ ಮಾಡುವುದು ಅಪಾಯಕರ. ಮಂಜೂರಾದ ವಿದ್ಯುತ್ ಹೊರೆ ಸಾಲದಿದ್ದಲ್ಲಿ ಹೆಸ್ಕಾಂ ಉಪವಿಭಾಗ ಕಚೇರಿಗೆ ಹೆಚ್ಚುವರಿ ಹೊರೆಗಾಗಿ ಅರ್ಜಿ ಸಲ್ಲಿಸುವುದು. ಇದರಿಂದ ತಿಂಗಳ ನಿಗದಿತ ಶುಲ್ಕವೂ ಹೆಚ್ಚುತ್ತದೆಂಬುದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳುವುದು.

ಬಾಡಿಗೆ ಮನೆಯಲ್ಲಿರುವವರು ಮನೆಯ ಮಾಲೀಕರ ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ಪಡೆಯುವುದು. ಪೂರ್ತಿಯಾಗಿ ಸಾರ್ವಜನಿಕ ವೇಗದ ಚಾರ್ಜಿಂಗ್ ಕೇಂದ್ರಗಳನ್ನೇ ಅವಲಂಬಿಸಿದರೆ ಲಾಭ ಕುಗ್ಗುತ್ತದೆ: ಯೂನಿಟ್‌ಗೆ ರೂ. 20 ಆದರೆ ಕಿಲೋಮೀಟರಿಗೆ ಸುಮಾರು ರೂ. 2.86, ಮನೆಯಲ್ಲಾದರೆ ರೂ. 1. ನಿಲ್ಲಿಸಲು ಸ್ವಂತ ಜಾಗ ಮತ್ತು ಪ್ಲಗ್ ಎರಡೂ ಇಲ್ಲದವರಿಗೆ ಹೈಬ್ರಿಡ್ ಅಥವಾ ಚಿಕ್ಕ ಪೆಟ್ರೋಲ್ ಕಾರು ಹೆಚ್ಚು ಸೂಕ್ತ.

6. ಚಾರ್ಜಿನ ದೂರ, ಮಳೆಗಾಲ ಮತ್ತು ತುರ್ತು ಪ್ರಯಾಣ

ತಯಾರಕರು ಪ್ರಕಟಿಸುವ ದೂರವು ಪ್ರಯೋಗಾಲಯದ ಪ್ರಮಾಣೀಕೃತ ಅಂಕಿ. ಎಸಿ, ಹೆದ್ದಾರಿಯ ವೇಗ, ತುಂಬಿದ ಆಸನಗಳು ಮತ್ತು ಘಟ್ಟದ ಏರು ಇವುಗಳಿಂದ ಅದು ಕಡಿಮೆಯಾಗುತ್ತದೆ. ಯೋಜನೆ ಹಾಕುವಾಗ ಮೂರನೇ ಎರಡರಷ್ಟನ್ನು ಮಾತ್ರ ನಂಬುವುದು: 300 ಕಿ.ಮೀ. ಎಂದಿದ್ದರೆ 200. ಅದರಲ್ಲೂ ಐದನೇ ಒಂದು ಭಾಗವನ್ನು ಮೀಸಲಿಟ್ಟರೆ ಉಳಿಯುವುದು 160 ಕಿ.ಮೀ.

ಈ ಭಾಗದ ಕುಟುಂಬಗಳು ದೊಡ್ಡ ಚಿಕಿತ್ಸೆಗಾಗಿ ಜಿಲ್ಲೆಯ ಹೊರಗೆ ಹೋಗುವುದು ಸಾಮಾನ್ಯವಾಗಿರುವುದರಿಂದ ಈ ಅಂಕಿ ಮುಖ್ಯ. ಕಾರವಾರದಿಂದ ಗೋವಾದ ಬಾಂಬೋಳಿ ಸುಮಾರು 100 ಕಿ.ಮೀ.; ಅಂಕೋಲಾ, ಅರಬೈಲ್ ಘಟ್ಟ, ಯಲ್ಲಾಪುರ ಮಾರ್ಗವಾಗಿ ಹುಬ್ಬಳ್ಳಿ ಸುಮಾರು 170 ಕಿ.ಮೀ.; ಮಣಿಪಾಲ 200 ಕಿ.ಮೀ.ಗೂ ಹೆಚ್ಚು. ಮೇಲಿನ ಕಾರು ಪೂರ್ಣ ಚಾರ್ಜ್ ಇದ್ದರೆ ಬಾಂಬೋಳಿಯನ್ನು ನಿರಾಯಾಸವಾಗಿ ತಲುಪುತ್ತದೆ. ಹುಬ್ಬಳ್ಳಿಗೆ ಮೀಸಲನ್ನು ಮುಟ್ಟಬೇಕಾಗುತ್ತದೆ. ಮಣಿಪಾಲಕ್ಕೆ ದಾರಿಯಲ್ಲಿ ಚಾರ್ಜ್ ಮಾಡಲೇಬೇಕು. ಅರ್ಧ ಚಾರ್ಜ್ ಮಾತ್ರ ಇದ್ದರೆ ಬಾಂಬೋಳಿಯೂ ಅನಿಶ್ಚಿತ. ಆದುದರಿಂದ ಮನೆಯಲ್ಲಿ ನಿಯಮಿತ ಚಿಕಿತ್ಸೆಯ ರೋಗಿಗಳಿದ್ದು ಇದೊಂದೇ ಕಾರು ಇದ್ದಲ್ಲಿ ದೊಡ್ಡ ಬ್ಯಾಟರಿಯ ಮಾದರಿಯನ್ನೋ ಹೈಬ್ರಿಡನ್ನೋ ಆಯ್ದುಕೊಳ್ಳುವುದು ಕ್ಷೇಮ. ಗಂಭೀರ ತುರ್ತು ಸ್ಥಿತಿಯಲ್ಲಿ ಯಾವ ಕಾರನ್ನೂ ನಂಬಿ ಕಾಯದೆ 108 ಆಂಬುಲೆನ್ಸ್ ಸೇವೆಗೆ ಕರೆ ಮಾಡುವುದು.

ಮಳೆಗಾಲದಲ್ಲಿ ಹೆದ್ದಾರಿಯ ದೂರವನ್ನು ಸ್ಥಿರವೆಂದು ಭಾವಿಸುವಂತಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಂಚಾರ ನಿಂತಾಗ ವಾಹನಗಳು ಬಳಸುದಾರಿ ಹಿಡಿಯಬೇಕಾಯಿತು. ಅದೇ ವರ್ಷದ ಆಗಸ್ಟ್ 7ರಂದು ಕಾರವಾರ ಮತ್ತು ಸದಾಶಿವಗಡದ ನಡುವಿನ ಹಳೆಯ ಕಾಳಿ ಸೇತುವೆ ಕುಸಿಯಿತು. ಗಾಳಿಮಳೆಗೆ ಮರ ಬಿದ್ದು ವಿದ್ಯುತ್ ಕಡಿತವಾಗುವುದೂ ಉಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕ್ರಮಗಳನ್ನು ಅನುಸರಿಸುವುದು:

(ಅ) ಹವಾಮಾನ ಇಲಾಖೆಯ ಮುನ್ನೆಚ್ಚರಿಕೆ ಬಂದ ದಿನವೇ, ವಿದ್ಯುತ್ ಹೋಗುವ ಮೊದಲೇ, ಕಾರನ್ನು ಚಾರ್ಜ್ ಮಾಡಿಟ್ಟುಕೊಳ್ಳುವುದು.
(ಆ) ದೂರ ಪ್ರಯಾಣಕ್ಕೆ ಮುನ್ನ ಮಾರ್ಗದಲ್ಲಿ ಒಂದಲ್ಲ, ಎರಡು ಚಾರ್ಜಿಂಗ್ ಕೇಂದ್ರಗಳನ್ನು ಗುರುತಿಸಿ, ಅವು ಕಾರ್ಯನಿರತವಾಗಿವೆಯೇ ಎಂದು ವಿಚಾರಿಸುವುದು.
(ಇ) ಗಂಗಾವಳಿ ಮತ್ತು ಕಾಳಿ ನದಿಗಳ ತಗ್ಗು ಪ್ರದೇಶದವರು ನೆರೆ ಸೂಚನೆ ಬಂದಾಗ ಕಾರನ್ನು ಎತ್ತರದ ಸ್ಥಳಕ್ಕೆ ಒಯ್ಯುವುದು. ಐಪಿ67 ಎಂಬ ಗುರುತು ಒಂದು ಮೀಟರ್ ನೀರಿನಲ್ಲಿ 30 ನಿಮಿಷದ ಪರೀಕ್ಷೆಗೆ ಸಂಬಂಧಿಸಿದ್ದು. ರಾತ್ರಿಯಿಡೀ ನೆರೆನೀರಿನಲ್ಲಿ ನಿಲ್ಲಿಸಲು ಅದು ಪರವಾನಗಿಯಲ್ಲ.
(ಈ) ಮುಳುಗಿದ ಕಾರನ್ನು ಚಾಲೂ ಮಾಡಬಾರದು, ಚಾರ್ಜಿಗೂ ಹಾಕಬಾರದು. ಅಧಿಕೃತ ಸೇವಾ ಕೇಂದ್ರಕ್ಕೆ ತಿಳಿಸಿ, ನಾಲ್ಕೂ ಚಕ್ರಗಳು ನೆಲ ಮುಟ್ಟದಂತೆ ವಾಹನದ ಮೇಲೇರಿಸಿ ಸಾಗಿಸುವುದು.
(ಉ) ಕಡಲತೀರದ ಉಪ್ಪುಗಾಳಿಯಿಂದ ಲೋಹ ಬೇಗ ತುಕ್ಕು ಹಿಡಿಯುವುದರಿಂದ ಚಾರ್ಜಿಂಗ್ ಕಿಂಡಿಯ ಮುಚ್ಚಳ, ಪ್ಲಗ್ಗಿನ ಪಿನ್ನುಗಳು ಮತ್ತು ಅರ್ಥಿಂಗ್ ತಂತಿಯನ್ನು ಮಳೆಗಾಲದ ಮೊದಲು ಮತ್ತು ನಂತರ ಪರೀಕ್ಷಿಸುವುದು.

7. ತೆರಿಗೆ, ಶುಲ್ಕ ಮತ್ತು ಸಹಾಯಧನ

ವಿದ್ಯುತ್ ಕಾರಿಗೆ ಸರಕು ಮತ್ತು ಸೇವಾ ತೆರಿಗೆಯು 2019ರ ಆಗಸ್ಟ್ 1ರಿಂದ ಶೇ. 5. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಪೆಟ್ರೋಲ್ ಕಾರುಗಳ ತೆರಿಗೆ ಶೇ. 18ಕ್ಕೆ ಇಳಿದುದರಿಂದ ಎರಡರ ಬೆಲೆಯ ಅಂತರ ಬದಲಾಗಿದೆ. ಆ ದಿನಾಂಕಕ್ಕಿಂತ ಹಿಂದಿನ ದರಪಟ್ಟಿಯಿಂದ ಲೆಕ್ಕ ಹಾಕಬಾರದು. ನಾಲ್ಕು ಮೀಟರ್ ಮೀರಿದ ಹೈಬ್ರಿಡ್ ಕಾರುಗಳಿಗೆ ಅದೇ ದಿನದಿಂದ ಶೇ. 40 ಅನ್ವಯಿಸಿತು.

ರಾಜ್ಯದ ಜೀವಾವಧಿ ತೆರಿಗೆಯಿಂದ ವಿದ್ಯುತ್ ಕಾರುಗಳಿಗೆ ಇದ್ದ ವಿನಾಯಿತಿಯನ್ನು 2024ರಲ್ಲಿ ತಿದ್ದುಪಡಿ ಮಾಡಿ, ರೂ. 25 ಲಕ್ಷ ಮೀರಿದ ಕಾರುಗಳಿಗೆ ಶೇ. 10 ತೆರಿಗೆ ವಿಧಿಸಲಾಯಿತು. ತೆರಿಗೆಯನ್ನು ನೋಂದಣಿಯ ದಿನದ ದರದಂತೆ ವಿಧಿಸುವುದರಿಂದ, ಮಾರಾಟಗಾರರು ಮೌಖಿಕವಾಗಿ ಹೇಳುವ ಮೊತ್ತವನ್ನು ಒಪ್ಪದೆ ತೆರಿಗೆ, ವಿಮೆ, ನಿರ್ವಹಣಾ ಶುಲ್ಕಗಳನ್ನು ಬೇರೆಬೇರೆಯಾಗಿ ತೋರಿಸಿದ ದರಪಟ್ಟಿಯನ್ನು ಪಡೆಯುವುದು. 2021ರ ಆಗಸ್ಟ್‌ನ ಕೇಂದ್ರ ಅಧಿಸೂಚನೆಯಂತೆ ಬ್ಯಾಟರಿ ಚಾಲಿತ ವಾಹನಗಳಿಗೆ ನೋಂದಣಿ ಪ್ರಮಾಣ ಪತ್ರದ ಶುಲ್ಕದಿಂದ ವಿನಾಯಿತಿ ಇದೆ. ತೃತೀಯ ವ್ಯಕ್ತಿ ವಿಮೆಯ ಕಂತಿನಲ್ಲಿ ವಿದ್ಯುತ್ ಕಾರಿಗೆ ಶೇ. 15, ಹೈಬ್ರಿಡ್ ಕಾರಿಗೆ ಶೇ. 7.5 ರಿಯಾಯಿತಿಯನ್ನು 2022ರಲ್ಲಿ ನಿಗದಿಪಡಿಸಲಾಯಿತು.

ಈಗ ಇಲ್ಲದ ಸವಲತ್ತುಗಳ ಹೆಸರಿನಲ್ಲಿ ಮೋಸಹೋಗಬಾರದು. ವಿದ್ಯುತ್ ವಾಹನ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ರೂ. 1.5 ಲಕ್ಷದವರೆಗಿನ ಕಡಿತವು 2019ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರ ನಡುವೆ ಮಂಜೂರಾದ ಸಾಲಗಳಿಗೆ ಮಾತ್ರ ಅನ್ವಯ. 2024ರ ಅಕ್ಟೋಬರ್‌ನಲ್ಲಿ ಆರಂಭವಾದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಖಾಸಗಿ ಕಾರುಗಳಿಗೆ ಸಹಾಯಧನವಿಲ್ಲ.

8. ಬಳಸಿದ ಕಾರು ಮತ್ತು ಗೋವಾದಿಂದ ತರುವ ಕಾರು

ಬಳಸಿದ ವಿದ್ಯುತ್ ಕಾರು ಕೊಳ್ಳುವವರು ಅಧಿಕೃತ ಸೇವಾ ಕೇಂದ್ರದಿಂದ ಬ್ಯಾಟರಿಯ ಆರೋಗ್ಯ ವರದಿಯನ್ನು ಪಡೆಯತಕ್ಕದ್ದು. ಖಾತರಿಯು ಎರಡನೆಯ ಮಾಲೀಕರಿಗೆ ವರ್ಗಾವಣೆಯಾಗುವುದೇ, ಬ್ಯಾಟರಿಯು ಬಾಡಿಗೆ ಒಪ್ಪಂದದಲ್ಲಿದೆಯೇ ಎಂಬುದನ್ನು ಬರಹದಲ್ಲಿ ಖಚಿತಪಡಿಸಿಕೊಳ್ಳುವುದು.

ಗಡಿ ಸಮೀಪವಿರುವುದರಿಂದ ಗೋವಾದಲ್ಲಿ ನೋಂದಣಿಯಾದ ಕಾರುಗಳನ್ನು ಕೊಳ್ಳುವವರು ಈ ಭಾಗದಲ್ಲಿದ್ದಾರೆ. ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 47ರ ಪ್ರಕಾರ ಬೇರೆ ರಾಜ್ಯದ ವಾಹನವನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡರೆ ಇಲ್ಲಿನ ನೋಂದಣಿ ಸಂಖ್ಯೆ ಪಡೆಯತಕ್ಕದ್ದು. ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ (ನಮೂನೆ 28) ಕೈಗೆ ಬರುವವರೆಗೆ ಪೂರ್ಣ ಹಣ ಪಾವತಿಸದಿರುವುದು ಮತ್ತು ಇಲ್ಲಿ ತೆರಬೇಕಾದ ತೆರಿಗೆಯನ್ನು ಕೊಳ್ಳುವ ಬೆಲೆಗೆ ಸೇರಿಸಿ ನೋಡುವುದು.

9. ಹಳೆಯ ಕಾರಿನ ವಿಲೇವಾರಿ

ಮಾರಾಟ ಮಾಡಿದಲ್ಲಿ ನಮೂನೆ 29 ಮತ್ತು 30ರಲ್ಲಿ ಮಾಲೀಕತ್ವ ವರ್ಗಾವಣೆಯನ್ನು ಪೂರ್ಣಗೊಳಿಸುವುದು ಅತ್ಯಗತ್ಯ. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ವರದಿ ಮಾಡತಕ್ಕದ್ದು. ಸಹಿ ಮಾಡಿದ ಖಾಲಿ ನಮೂನೆಗಳನ್ನು ಮಧ್ಯವರ್ತಿಗಳ ಕೈಗೆ ಕೊಟ್ಟು ಸುಮ್ಮನಾಗುವುದು ಅಪಾಯಕರ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತ ಪರಿಹಾರಕ್ಕೆ ಹೊಣೆಗಾರರಾದ ಮಾಲೀಕರೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪು ನೀಡಿದೆ.

ಗುಜರಿಗೆ ಹಾಕುವುದಾದರೆ ನೋಂದಾಯಿತ ವಾಹನ ನಾಶ ಕೇಂದ್ರಕ್ಕೇ ಒಪ್ಪಿಸಿ ಠೇವಣಿ ಪ್ರಮಾಣ ಪತ್ರವನ್ನು ಪಡೆಯುವುದು. ಈ ಪತ್ರದ ಆಧಾರದಲ್ಲಿ ಹೊಸ ಖಾಸಗಿ ವಾಹನದ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿ ನೀಡಲು ಕೇಂದ್ರ ನಿಯಮಗಳು 2022ರ ಏಪ್ರಿಲ್‌ನಿಂದ ಅವಕಾಶ ಕಲ್ಪಿಸಿವೆ. ಯಾವುದೇ ಮಾರ್ಗದಲ್ಲಾದರೂ, ಹಳೆಯ ವಿಮೆಯ 'ನೋ ಕ್ಲೇಮ್ ಬೋನಸ್' ವಾಹನಕ್ಕಲ್ಲ, ಮಾಲೀಕರಿಗೆ ಸೇರಿದ್ದು. ವಿಮಾ ಸಂಸ್ಥೆಯಿಂದ ಪತ್ರ ಪಡೆದು ಹೊಸ ಕಾರಿನ ವಿಮೆಗೆ ಅದನ್ನು ಬಳಸಿಕೊಳ್ಳುವುದು.

10. ಮುಖ್ಯ ನಮೂನೆಗಳು

ನಮೂನೆ 20: ಹೊಸ ವಾಹನದ ನೋಂದಣಿ ಅರ್ಜಿ
ನಮೂನೆ 21: ಮಾರಾಟ ಪ್ರಮಾಣ ಪತ್ರ
ನಮೂನೆ 22: ವಾಹನವು ರಸ್ತೆಗೆ ಯೋಗ್ಯವೆಂಬ ತಯಾರಕರ ಪ್ರಮಾಣ ಪತ್ರ
ನಮೂನೆ 34: ಸಾಲದ ಹೈಪೋಥಿಕೇಷನ್ ದಾಖಲು
ನಮೂನೆ 35: ಸಾಲ ತೀರಿದ ನಂತರ ಹೈಪೋಥಿಕೇಷನ್ ರದ್ದತಿ

ಹಳೆಯ ಕಾರಿನ ಸಾಲ ತೀರಿದ್ದರೂ ನಮೂನೆ 35 ಸಲ್ಲಿಸದ ಕಾರಣ ಮಾರಾಟವು ಕೊನೆಯ ಹಂತದಲ್ಲಿ ನಿಲ್ಲುವುದುಂಟು. ಇದನ್ನು ಮೊದಲೇ ಸರಿಪಡಿಸಿಕೊಳ್ಳುವುದು.

ಒಟ್ಟಾರೆ, ಸ್ವಂತ ನಿಲುಗಡೆ ಹಾಗೂ ಸುರಕ್ಷಿತ ಪ್ಲಗ್ ಇದ್ದು ತಿಂಗಳಿಗೆ 1,000 ಕಿ.ಮೀ.ಗಿಂತ ಹೆಚ್ಚು ಓಡಿಸುವವರಿಗೆ ವಿದ್ಯುತ್ ಕಾರು. ಪ್ಲಗ್ ಇಲ್ಲದೆ ದೂರ ಪ್ರಯಾಣ ಹೆಚ್ಚಿರುವವರಿಗೆ ಸ್ಟ್ರಾಂಗ್ ಹೈಬ್ರಿಡ್. ಕಡಿಮೆ ಓಡಾಟದವರಿಗೆ ಇರುವ ಕಾರಿನ ನವೀಕರಣ ಅಥವಾ ಚಿಕ್ಕ ಪೆಟ್ರೋಲ್ ಕಾರು ಲೆಕ್ಕಕ್ಕೆ ಹೊಂದುತ್ತದೆ. ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಅರ್ಜಿದಾರರು ತೆರಿಗೆ ಮತ್ತು ನೋಂದಣಿ ಕುರಿತ ಹೆಚ್ಚಿನ ಮಾಹಿತಿಗಾಗಿ ಕಾರವಾರದ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಕಚೇರಿ ವೇಳೆಯಲ್ಲಿ, ನೋಂದಣಿ ಪ್ರಮಾಣ ಪತ್ರ ಮತ್ತು ವಿಮಾ ಪತ್ರದ ಪ್ರತಿಗಳೊಂದಿಗೆ, ಖುದ್ದಾಗಿ ಸಂಪರ್ಕಿಸಬಹುದು. ಮಧ್ಯವರ್ತಿಗಳ ಅಗತ್ಯವಿರುವುದಿಲ್ಲ.